ಊರೊಳಗಿನ ಹೋಟೆಲು, ಊರಾಚೆಯ ಹೆದ್ದಾರಿ

ಹೊಸೂರಿನ ಕಡೆಯಿಂದ ದಾಬಸ್‌ಪೇಟೆಗೆ ಹೋಗುವ ಹಳೆಯ 207ನೇ ರಾಷ್ಟ್ರೀಯ ಹೆದ್ದಾರಿ ಊರುಗಳನ್ನು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಸರ್ಜಾಪುರ, ಹೊಸಕೋಟೆ, ಸೂಲಿಬೆಲೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಎಲ್ಲವನ್ನೂ ಮುಟ್ಟಿಕೊಂಡೇ ಸಾಗುತ್ತಿತ್ತು. ಊರು ಬಂತೆಂದರೆ ಲಾರಿ, ಬಸ್ಸು, ಕಾರು ನಿಧಾನವಾಗಲೇಬೇಕು. ನಿಧಾನವಾದವರಲ್ಲಿ ಕೆಲವರು ಇಳಿದು ಕಾಫಿ ಕುಡಿಯುತ್ತಿದ್ದರು, ಹೊತ್ತು ಏರಿದ್ದರೆ ಮುದ್ದೆ ಊಟ ಮಾಡಿಯೇ ಹೊರಡುತ್ತಿದ್ದರು. ಈಗ ಬೆಂಗಳೂರಿನ ಸುತ್ತ ಸುಮಾರು 280 ಕಿ.ಮೀ. ಉದ್ದದ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬರುತ್ತಿದೆ. ಅದರ ದಾಬಸ್‌ಪೇಟೆ–ಹೊಸಕೋಟೆ ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಟೋಲ್ ಕಟ್ಟಿ ಒಮ್ಮೆ ಆ ರಸ್ತೆ ಹತ್ತಿದವರಿಗೆ ಸೂಲಿಬೆಲೆ ಎಂಬುದು ಹಸಿರು ಫಲಕದ ಮೇಲಿನ ಒಂದು ಹೆಸರು ಮಾತ್ರ.

ರಸ್ತೆ ಬೇಡವೆಂದು ಯಾರೂ ಹೇಳಲಾರರು. ಊರಿನ ಬೀದಿಯಲ್ಲಿ ದೊಡ್ಡ ಲಾರಿಗಳ ಓಡಾಟ ಕಡಿಮೆಯಾದರೆ ಶಾಲೆಯ ಮಕ್ಕಳೂ ಮುದುಕರೂ ಧೈರ್ಯವಾಗಿ ರಸ್ತೆ ದಾಟಬಹುದು. ಆದರೆ ಹೆದ್ದಾರಿ ಊರಾಚೆ ಸರಿದಾಗ ಊರೊಳಗಿನ ಹೋಟೆಲುಗಳ ಗತಿಯೇನು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ಸಿಕ್ಕಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ಬಿಡದಿಯ ತಟ್ಟೆ ಇಡ್ಲಿಯ ಮುಂದೆ, ಚನ್ನಪಟ್ಟಣದ ಬೊಂಬೆ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾರುಗಳು ಮೇಲಿನ ರಸ್ತೆ ಹಿಡಿದವು. ಮದ್ದೂರಿನ ವಡೆಗೆ ನೂರು ವರ್ಷ ಮೀರಿದ ಹೆಸರಿದೆ; ಅದು 1917ರ ಸುಮಾರಿಗೆ ರೈಲು ನಿಲ್ದಾಣದಲ್ಲಿ ಹುಟ್ಟಿದ್ದೆಂದು ಹೇಳುತ್ತಾರೆ. ಆ ಊರಿನ ಹೋಟೆಲಿನವರೂ ವ್ಯಾಪಾರ ಬಿತ್ತು ಎಂದು ದುಃಖಿಸಬೇಕಾಯಿತು. ದಾರಿಹೋಕರನ್ನೇ ನಂಬಿದ್ದವರಿಗೆ ಪೆಟ್ಟು ಜೋರಾಗಿ ಬಿತ್ತು. ಬೆಳಗ್ಗೆ ಊರಿನವರಿಗೆ ಇಡ್ಲಿ, ಮಧ್ಯಾಹ್ನ ತಾಲ್ಲೂಕು ಕಚೇರಿಗೆ ಬಂದವರಿಗೆ ಊಟ ಹಾಕುತ್ತಿದ್ದವರಿಗೆ ಆಸರೆಯಾಗಿ ಅವರ ಹಳೆಯ ಗಿರಾಕಿಗಳಾದರೂ ಇದ್ದರು.

ಹಾಗಾಗಿ ಸೂಲಿಬೆಲೆಯಂಥ ಹೋಬಳಿ ಕೇಂದ್ರದ ಹೋಟೆಲುಗಳ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟು: ಅವು ಉಳಿಯಬೇಕಾದದ್ದು ಊರಿನವರ ಮತ್ತು ಸುತ್ತಲಿನ ಹಳ್ಳಿಯವರ ದುಡ್ಡಿನಿಂದ. ಅವು ಉಳಿದರೆ ಆ ದುಡ್ಡು ಬಹುಪಾಲು ಅದೇ ಜನರ ಕೈಗೆ ತಿರುಗಿ ಬರುತ್ತದೆ.

ಇಂಥ ಊರಿನಲ್ಲಿ ಹೋಟೆಲಿಗೆ ಬರುವವರು ಯಾರು? ಶೋಕಿಗಾಗಿ ಹೊರಗೆ ತಿನ್ನುವವರು ಕಡಿಮೆ. ನಾಡಕಚೇರಿಗೆ ಜಾತಿ-ಆದಾಯ ಪ್ರಮಾಣಪತ್ರಕ್ಕೆಂದು ಬಂದು, ಸರ್ವರ್ ಇಲ್ಲವೆಂದು ಮಧ್ಯಾಹ್ನದವರೆಗೆ ಕಾದವರು ಬರುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬಂದವರು, ಆಸ್ಪತ್ರೆಗೆ ಮನೆಯವರನ್ನು ಕರೆತಂದವರು, ಹೊಸಕೋಟೆ ಬಸ್ಸಿಗೋ ದೇವನಹಳ್ಳಿ ಕಡೆಯ ವಿಜಯಪುರದ ಬಸ್ಸಿಗೋ ಕಾದವರು ಬರುತ್ತಾರೆ. ಹೊಸಕೋಟೆ ತಾಲ್ಲೂಕಿನ ಗೋದಾಮು, ಕಾರ್ಖಾನೆಗಳಿಗೆ ದುಡಿಯಲು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗರು ಬರುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಚಪಾತಿಯೇ ಬೇಕು. ಅವರೆಲ್ಲರಿಗೂ ಹೋಟೆಲು ಅಂದರೆ ಮನೆಗೆ ಹೋಗಿ ಉಣ್ಣಲಾಗದ ಹೊತ್ತಿನ ಅನ್ನ. ಊಟ ಬಿಸಿಯಾಗಿರಬೇಕು, ಬೇಗ ಬರಬೇಕು, ಜೇಬಿಗೆ ಹಿಡಿಸಬೇಕು. ಈ ಮೂರನ್ನೂ ಒಟ್ಟಿಗೆ ಕೊಡುವುದು ಹೊರಗಿನಿಂದ ನೋಡಿದಷ್ಟು ಸುಲಭವಲ್ಲ.

ಒಂದು ಮುದ್ದೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕೆ.ಜಿ.ಗೆ ಸುಮಾರು 49 ರೂಪಾಯಿ ಆಯಿತು. ಒಂದು ಕೆ.ಜಿ. ಹಿಟ್ಟಿನಲ್ಲಿ ಹೋಟೆಲಿನ ಅಳತೆಯ ಎಂಟರಿಂದ ಹತ್ತು ಮುದ್ದೆ ಕಟ್ಟಬಹುದು. ಅಂದರೆ ಒಂದು ಮುದ್ದೆಯೊಳಗಿನ ರಾಗಿಯ ಬೆಲೆ ಐದಾರು ರೂಪಾಯಿ. ಊಟಕ್ಕೆ ಕೊಟ್ಟ ಉಳಿದ ದುಡ್ಡೆಲ್ಲ ಮಾಲೀಕನ ಲಾಭವಲ್ಲವೇ ಎಂದು ಅನ್ನಿಸುವುದು ಇಲ್ಲಿಯೇ. ಆದರೆ ರಾಗಿ ತಾನೇ ಬೇಯುವುದಿಲ್ಲ. ಹೋಟೆಲಿನವರು ಮನೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ಕೊಳ್ಳಬೇಕು, ಅದರ ದರ ತಿಂಗಳಿಗೊಮ್ಮೆ ಬದಲಾಗುತ್ತದೆ. ಹಿಟ್ಟು ಹಾಕಿ, ಗಂಟಿಲ್ಲದಂತೆ ಕೋಲಿನಲ್ಲಿ ತಿರುವಿ, ಬಿಸಿಬಿಸಿಯಾಗಿ ಕಟ್ಟುವ ತೋಳಿನ ಬಲ ಬೇಕು. ಅದನ್ನು ಬಲ್ಲ ಅಡುಗೆಯವರು ಈಗ ಸಿಗುವುದು ಕಷ್ಟ. ಸಿಕ್ಕವರು ಕಾರ್ಖಾನೆಯ ಸಂಬಳಕ್ಕೆ ಸಮನಾದ ಕೂಲಿ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಬಾಡಿಗೆ, ಕರೆಂಟು, ಎಣ್ಣೆ, ಸೊಪ್ಪು, ಬೇಳೆ ಎಲ್ಲ ಕಳೆದು ಕೊನೆಗೆ ಗಲ್ಲಾದಲ್ಲಿ ಉಳಿಯುವುದು ಸಣ್ಣ ಮೊತ್ತ. ಅಂದು ಬೇಯಿಸಿದ್ದು ಅಂದೇ ಖರ್ಚಾಗದಿದ್ದರೆ ಅದೂ ಇಲ್ಲ. ಮಳೆ ಹಿಡಿದ ಒಂದು ಮಧ್ಯಾಹ್ನ ಸಾಕು, ವಾರದ ಲಾಭ ತೊಳೆದುಹೋಗುತ್ತದೆ.

ಇನ್ನು ಆ ಖರ್ಚು ಯಾರಿಗೆ ಸೇರುತ್ತದೆ ನೋಡಿ. ಸೊಪ್ಪು ಬೆಳಗಿನ ಜಾವ ಪಕ್ಕದ ಹಳ್ಳಿಯಿಂದ ಬರುತ್ತದೆ. ಕೋಳಿ, ಮೊಟ್ಟೆ, ಟೊಮೆಟೊ, ಹುರುಳಿಕಾಯಿ ದೂರದಿಂದ ಬರಬೇಕಾಗಿಲ್ಲ. ಬಾಡಿಗೆ ಪಡೆಯುವ ಕಟ್ಟಡದ ಮಾಲೀಕ ಅದೇ ಊರಿನವನು. ಪಾತ್ರೆ ತೊಳೆಯುವ ಹೆಂಗಸಿನ ಸಂಬಳ ಅದೇ ಬೀದಿಯ ದಿನಸಿ ಅಂಗಡಿಗೆ ಹೋಗುತ್ತದೆ. ಹೆದ್ದಾರಿ ಬದಿಯ ದೊಡ್ಡ ಕಂಪನಿಯ ಮಳಿಗೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಹಿಟ್ಟು, ಸಾಸು, ಕೋಳಿಯ ತುಂಡು ಎಲ್ಲ ದೂರದ ಒಂದು ದೊಡ್ಡ ಅಡುಗೆಮನೆಯಿಂದ ತಣ್ಣಗಿನ ಲಾರಿಯಲ್ಲಿ ಬರುತ್ತವೆ. ಹೆಸರು ಬಳಸಿಕೊಂಡದ್ದಕ್ಕೆ ಮೂಲ ಕಂಪನಿಗೆ ಪಾಲು ಹೋಗುತ್ತದೆ. ಸ್ಥಳೀಯರಿಗೆ ಉಳಿಯುವುದು ಕೆಲವು ಹುಡುಗರ ಸಂಬಳ ಮಾತ್ರ. ಅಲ್ಲಿ ತಿನ್ನುವುದು ತಪ್ಪೇನಲ್ಲ. ಮಕ್ಕಳಿಗೆ ಆಸೆ ಇರುತ್ತದೆ. ಆದರೆ ಆ ದುಡ್ಡು ಊರು ಬಿಟ್ಟು ಹೋಯಿತು ಎಂಬುದು ತಿಳಿದಿರಲಿ.

ಈ ಕೊಡುಕೊಳ್ಳುವಿಕೆ ಎಷ್ಟು ಹತ್ತಿರದ್ದು ಎಂಬುದು ಕಾಫಿ ಲೋಟದಲ್ಲಿ ಕಾಣುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಹೆಚ್ಚಿಸಿದ ಮೊತ್ತ ಹಾಲು ಉತ್ಪಾದಕರಿಗೇ ಸೇರಬೇಕೆಂಬುದು ಸರ್ಕಾರ ಕೊಟ್ಟ ಕಾರಣ. ಅದೇ ಹೊತ್ತಿಗೆ ಕಾಫಿ ಬೀಜದ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಹೋಟೆಲುಗಳು ಕಾಫಿ-ಟೀ ದರ ಹೆಚ್ಚಿಸಿದವು, ಜನ ಗೊಣಗಿದರು. ಲೆಕ್ಕ ಹಾಕಿದರೆ ಲೀಟರು ಹಾಲಿನಲ್ಲಿ ಹತ್ತು ಲೋಟ ಕಾಫಿಯಾದರೂ ಆಗುತ್ತದೆ. ಹಾಲಿನಿಂದ ಲೋಟಕ್ಕೆ ಹೆಚ್ಚಿದ್ದು 40 ಪೈಸೆ. ಪುಡಿಯ ದರ ಸೇರಿಸಿದರೆ ಇನ್ನಷ್ಟು. ಆದರೆ ಪೈಸೆಯ ಲೆಕ್ಕದಲ್ಲಿ ಕಾಫಿ ಮಾರಲಾಗುವುದಿಲ್ಲ. ಚಿಲ್ಲರೆಯೇ ಇಲ್ಲ. ಹಾಗಾಗಿ ಹೋಟೆಲಿನವರು ಎರಡು ವರ್ಷ ತಡೆದುಕೊಂಡು ಒಮ್ಮೆಗೇ ಎರಡೋ ಮೂರೋ ಐದೋ ರೂಪಾಯಿ ಏರಿಸುತ್ತಾರೆ, ಗಿರಾಕಿಗೆ ಅದು ಒಂದೇ ಏಟಿಗೆ ತಾಗುತ್ತದೆ.

ಬೆಂಗಳೂರಿನಲ್ಲಿ ಹಾಲಿನ ದರ ಏರಿದರೆ ಗೊಣಗುವವರು ಒಬ್ಬರು, ಲಾಭ ಪಡೆಯುವವರು ಇನ್ನೆಲ್ಲೋ ಇರುವ ಇನ್ನೊಬ್ಬರು. ಸೂಲಿಬೆಲೆಯಲ್ಲಿ ಹಾಗಲ್ಲ. ಬೆಳಗ್ಗೆ ಹಳ್ಳಿಯ ಡೇರಿಗೆ ಹಾಲು ಹಾಕಿ ಬಂದ ರೈತನೇ ಹತ್ತು ಗಂಟೆಗೆ ಹೋಟೆಲಿನಲ್ಲಿ ಬೈಟು ಕಾಫಿ ಹೇಳುತ್ತಾನೆ. ಹಸುವಿನ ಹಿಂಡಿ, ಬೂಸಾದ ದರ ಅವನಿಗೆ ಗೊತ್ತು, ಹೋಟೆಲಿನವರಿಗೆ ಗ್ಯಾಸಿನ ದರ ಗೊತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡಬಹುದಾದ ಊರಿದು. ದರ ಏರಿಸುವ ಮುನ್ನ ಗಲ್ಲಾದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, ಹಾಲು ಇಷ್ಟು, ಪುಡಿ ಇಷ್ಟು, ಆದ್ದರಿಂದ ಇಂಥ ದಿನದಿಂದ ಇಷ್ಟು ಎಂದು ಬರೆದರೆ ಸಾಕು. ಜನ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ ನನಗಿದೆ.

ತೆರಿಗೆಯ ವಿಷಯದಲ್ಲಿ ಇಷ್ಟು ನಿಶ್ಚಿಂತೆ ಇಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರಿಗೆ ನೋಟಿಸ್ ಕಳುಹಿಸಿತು. ಹೆದರಿದ ಎಷ್ಟೋ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಮುಖ್ಯಮಂತ್ರಿಗಳು ಮಧ್ಯೆ ಬಂದು ಮಾತುಕತೆ ನಡೆಸಬೇಕಾಯಿತು. ನಿಯಮ ಏನೆಂದರೆ, ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಹೋಟೆಲು ಸೇವೆಯ ಲೆಕ್ಕದಲ್ಲಿ ಬರುತ್ತದೆ. 20 ಲಕ್ಷ ದೊಡ್ಡ ಮೊತ್ತದಂತೆ ಕೇಳುತ್ತದೆ. ದಿನಕ್ಕೆ ಹಂಚಿದರೆ ಸುಮಾರು 5,500 ರೂಪಾಯಿ. ಐವತ್ತು ರೂಪಾಯಿಯ ತಟ್ಟೆ ದಿನಕ್ಕೆ 110 ಖರ್ಚಾದರೆ ಆ ಗೆರೆ ದಾಟಿದಂತೆಯೇ. ಗಂಡ-ಹೆಂಡತಿ, ಒಬ್ಬ ಹುಡುಗ ಸೇರಿ ನಡೆಸುವ ಟಿಫಿನ್ ಸೆಂಟರೂ ದಾಟಬಹುದು. ವಹಿವಾಟು ಬೇರೆ, ಲಾಭ ಬೇರೆ; ನೋಟಿಸ್ ಬಂದಾಗ ಸಣ್ಣವರು ಗಾಬರಿಯಾದದ್ದು ಈ ಎರಡನ್ನು ಬೇರೆ ಮಾಡಿ ತೋರಿಸುವ ಪುಸ್ತಕ ಅವರ ಬಳಿ ಇಲ್ಲದ್ದರಿಂದ.

ಒಂದೂವರೆ ಕೋಟಿ ರೂಪಾಯಿಯೊಳಗಿನ ಹೋಟೆಲುಗಳಿಗೆ ಕಾಂಪೊಸಿಷನ್ ಎಂಬ ಸುಲಭ ದಾರಿ ಇದೆ. ಒಟ್ಟು ವಹಿವಾಟಿನ ಮೇಲೆ ಶೇ 5ರಷ್ಟು ಕಟ್ಟಿದರಾಯಿತು, ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಈ ದಾರಿ ಹಿಡಿದ ಹೋಟೆಲಿನ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಪ್ರತ್ಯೇಕ ಸಾಲು ಕಂಡರೆ ಗಿರಾಕಿ ಕೇಳಬಹುದು, ಕೇಳಲೂಬೇಕು. ಇಷ್ಟನ್ನು ವಿವರಿಸುವ ಕನ್ನಡದ ಒಂದು ಪುಟವನ್ನು ಇಲಾಖೆ ಪ್ರತಿ ಹೋಬಳಿಯಲ್ಲಿ ಹಂಚಿದ್ದರೆ ಜುಲೈನ ಆ ಗದ್ದಲದ ಅರ್ಧ ಇರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹೋಟೆಲಿನವರ ಕಷ್ಟ ಹೇಳಿದ ಮೇಲೆ ಅವರ ಹೊಣೆಯನ್ನೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ ಗೋಬಿಯ 171 ಮಾದರಿಗಳಲ್ಲಿ 107 ತಿನ್ನಲು ಸುರಕ್ಷಿತವಲ್ಲವೆಂದು ಬಂದಿತ್ತು. ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬುದೂ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಕೆಲವೇ ತಿಂಗಳಲ್ಲಿ ಕಬಾಬಿಗೂ ಅದೇ ಆದೇಶ ಬಂತು. 2025ರ ಆರಂಭದಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ಐವತ್ತಕ್ಕೂ ಹೆಚ್ಚು ಕಡೆ ಕಂಡುಬಂದು, ಅದನ್ನೂ ನಿಲ್ಲಿಸಬೇಕಾಯಿತು. ಕರಿದ ಎಣ್ಣೆಗೂ ಮಿತಿ ಇದೆ. ಅದರಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇ 25 ದಾಟಿದರೆ ಆ ಎಣ್ಣೆಯನ್ನು ಚೆಲ್ಲಬೇಕೆಂಬ ನಿಯಮ 2018ರ ಜುಲೈನಿಂದಲೇ ಇದೆ. ಕಪ್ಪಾಗಿ, ನೊರೆ ಕಟ್ಟಿ, ಮೂಗಿಗೆ ಘಾಟು ಹೊಡೆಯುವ ಎಣ್ಣೆಗೆ ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲ.

ಸಂಜೆ ಹೊತ್ತು ಗೋಬಿ ಗಾಡಿಯ ಮುಂದೆ ನಿಲ್ಲುವವರು ನಮ್ಮ ಮಕ್ಕಳೇ. ಹಾಗಾಗಿ ಕೆಂಪು ಬಣ್ಣ ಬೇಡ ಎಂದು ಹೇಳುವವರು ನಾವೇ ಆಗಬೇಕು. ಬಣ್ಣವಿಲ್ಲದ ಗೋಬಿಯನ್ನು ಜನ ಕೊಂಡರೆ ಬಣ್ಣ ತಾನಾಗಿ ನಿಲ್ಲುತ್ತದೆ. ಊರಿನವರದೇ ಹೋಟೆಲು ಎಂಬ ಅಭಿಮಾನ ಕೊಳಕನ್ನು ಮುಚ್ಚುವ ಹೊದಿಕೆಯಾಗಬಾರದು.

ಇನ್ನೊಂದು ಮಾತು ಹೆಣ್ಣುಮಕ್ಕಳದು. ಸಣ್ಣ ಊರಿನ ಹೋಟೆಲು ಬಹುಕಾಲ ಗಂಡಸರ ಜಾಗವಾಗಿತ್ತು. ಹೆಂಗಸರು ಬಂದರೆ ಪರದೆ ಹಾಕಿದ ‘ಫ್ಯಾಮಿಲಿ ರೂಮ್’, ಅದೂ ಜೊತೆಗೆ ಮನೆಯ ಗಂಡಸರಿದ್ದರೆ. ಒಬ್ಬಳೇ ಕೂತು ಇಡ್ಲಿ ತಿಂದರೆ ನಾಲ್ಕು ಕಣ್ಣು ತಿರುಗುತ್ತಿದ್ದವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಆಸ್ಪತ್ರೆಗೆ, ಬ್ಯಾಂಕಿಗೆ, ಕಾಲೇಜಿಗೆ, ಗಾರ್ಮೆಂಟ್ಸಿಗೆ ತಾವೇ ಹೊರಟರು. ಹೊರಟವರಿಗೆ ಹಸಿವೂ ಆಗುತ್ತದೆ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟ ಹೆಣ್ಣುಮಗಳು ಮಧ್ಯಾಹ್ನ ಮೂರರವರೆಗೆ ಬಿಸ್ಕತ್ತಿನಲ್ಲಿ ಹೊತ್ತು ಕಳೆಯುವುದಕ್ಕೆ ಹೋಟೆಲಿನಲ್ಲಿ ದುಡ್ಡು ಜಾಸ್ತಿ ಎಂಬುದೊಂದೇ ಕಾರಣವಲ್ಲ. ಅಲ್ಲಿ ಶೌಚಾಲಯವಿಲ್ಲ. ಇದ್ದರೂ ಬೀಗ. ಹೋಟೆಲಿನವರು ಹೊಸ ಬೋರ್ಡಿಗೆ, ಬಣ್ಣದ ದೀಪಕ್ಕೆ ಹಾಕುವ ಹಣದಲ್ಲಿ ಮೊದಲು ಒಂದು ಸ್ವಚ್ಛ ಶೌಚಾಲಯ ಕಟ್ಟಿಸಿ ನೀರು ಬರುವಂತೆ ನೋಡಿಕೊಂಡರೆ ಗಿರಾಕಿಗಳು ಹೆಚ್ಚುತ್ತಾರೆ. ಇದು ದಾನವಲ್ಲ, ವ್ಯಾಪಾರ.

ಹೋಟೆಲಿನ ಬೆಂಚಿಗೆ ಇನ್ನೂ ದೊಡ್ಡ ಅರ್ಥವಿದೆ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಯಾರನ್ನೂ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ತಡೆಯಬಾರದೆಂದು ಬಿಡಿಸಿ ಹೇಳುತ್ತದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಹೋಟೆಲಿನ ಹೆಸರು ಬಂದದ್ದು ಸುಮ್ಮನೆ ಅಲ್ಲ. ನಮ್ಮ ಹಳ್ಳಿಗಾಡಿನಲ್ಲಿ ಕೆಲವರಿಗೆ ಬೇರೆ ಲೋಟ, ಕೆಲವರಿಗೆ ಹೊರಗಿನ ಕಟ್ಟೆ ಎಂಬ ಪದ್ಧತಿ ಇತ್ತು. ಅದನ್ನು ಅಪರಾಧವೆಂದು ಸಾರುವ ಕಾನೂನು 1955ರಲ್ಲಿ ಬಂತು, ಪದ್ಧತಿ ಪೂರ್ತಿ ಅಳಿಯಲು ಕಾನೂನು ಮಾತ್ರ ಸಾಕಾಗಲಿಲ್ಲ. ಯಾರು ಬೇಕಾದರೂ ಬಂದು, ಖಾಲಿ ಇರುವ ಜಾಗದಲ್ಲಿ ಯಾರ ಪಕ್ಕದಲ್ಲಾದರೂ ಕೂತು, ಅದೇ ಲೋಟದಲ್ಲಿ ಕುಡಿದು ಹೋಗುವ ಹೋಟೆಲು ಹೋಬಳಿಗೊಂದು ಇದ್ದರೂ ಅದು ಆ ಊರಿನ ಗೌರವ. ಕಾರಿನಲ್ಲಿ ಕುಳಿತೇ ಪೊಟ್ಟಣ ಪಡೆದು ಹೋಗುವ ಹೆದ್ದಾರಿ ಮಳಿಗೆ ಈ ಕೆಲಸ ಮಾಡಲಾರದು.

ಹಾಗಾದರೆ ಹೊರಗಿನ ಗಿರಾಕಿ ಬರುವುದೇ ಇಲ್ಲವೇ? ಬರುತ್ತಾರೆ, ಆದರೆ ಕಾರಣ ಬೇಕು. ಅದಕ್ಕೆ ಸಾಕ್ಷಿ ಸೂಲಿಬೆಲೆಯ ತಾಲ್ಲೂಕು ಕೇಂದ್ರದಲ್ಲೇ ಇದೆ. ಹೊಸಕೋಟೆಯ ದಮ್ ಬಿರಿಯಾನಿಗಾಗಿ ಭಾನುವಾರ ಬೆಳಕು ಹರಿಯುವ ಮುನ್ನವೇ ಬೆಂಗಳೂರಿನಿಂದ ಜನ ಕಾರು, ಬೈಕು ಹತ್ತಿ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. 2020ರ ಅಕ್ಟೋಬರಿನಲ್ಲಿ ಅಲ್ಲಿನ ಆನಂದ್ ದಮ್ ಬಿರಿಯಾನಿಯ ಮುಂದಿನ ಸಾಲಿನ ಚಿತ್ರ ದೇಶವೆಲ್ಲ ಸುತ್ತಿತು. ಆ ಹೋಟೆಲಿಗೆ ಅಷ್ಟರಲ್ಲೇ ಎರಡು ದಶಕದ ವಯಸ್ಸು. ಮೊದಲು ಸ್ಥಳೀಯರು ತಿಂದರು, ಒಪ್ಪಿದರು, ಆಮೇಲೆ ದೂರದವರು ಹುಡುಕಿಕೊಂಡು ಬಂದರು. ಬೆಂಗಳೂರಿನಲ್ಲಿ ಬಿರಿಯಾನಿಗೆ ಬರವಿಲ್ಲ. ಆದರೂ ಬರುವುದು, ಈ ಹೊತ್ತಿಗೆ, ಈ ರುಚಿಯಲ್ಲಿ ಅದು ಹೊಸಕೋಟೆಯಲ್ಲೇ ಸಿಗುವುದು ಎಂಬ ಕಾರಣಕ್ಕೆ.

ಸೂಲಿಬೆಲೆಗೆ ಅಂಥದೇನಿದೆ ಎಂದು ಕೇಳುವವರು ಪುಷ್ಯ ಮಾಸದಲ್ಲಿ ಈ ಕಡೆಯ ಯಾರ ಮನೆಯಲ್ಲಾದರೂ ಉಂಡು ನೋಡಲಿ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರು, ಅದಕ್ಕೆ ಬಿಸಿ ಮುದ್ದೆ. ಬೇರೆ ದಿನಗಳಲ್ಲಿ ಬಸ್ಸಾರು, ಉಪ್ಸಾರು-ಖಾರ, ಹುರುಳಿಕಾಳಿನ ಸಾರು, ನಾಟಿ ಕೋಳಿ ಸಾರು, ತಲೆಮಾಂಸ, ಬೋಟಿ ಗೊಜ್ಜು. ಬೆಂಗಳೂರು ಗ್ರಾಮಾಂತರದ ಮಳೆಯಾಶ್ರಿತ ಕೆಮ್ಮಣ್ಣಿನ ರಾಗಿಗೆ ಸರಿಹೊಂದಿ ತಲೆಮಾರುಗಳಿಂದ ಪಳಗಿದ ಅಡುಗೆ ಇದು. ಮಿಲಿಟರಿ ಹೋಟೆಲುಗಳು ಇದರ ಮಾಂಸದ ಭಾಗವನ್ನು ಉಳಿಸಿಕೊಂಡಿವೆ. ಸೊಪ್ಪು-ಕಾಳಿನ ಭಾಗ ಹೋಟೆಲಿಗೆ ಬಂದದ್ದು ಕಡಿಮೆ. ಇದು ಮನೆಯದು, ಹೋಟೆಲಿನಲ್ಲಿ ಯಾರು ತಿನ್ನುತ್ತಾರೆ ಎಂಬ ಸಂಕೋಚ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ. ಅದರ ಬದಲು ಫ್ರೈಡ್ ರೈಸ್, ನೂಡಲ್ಸ್, ಗೋಬಿ ಎಲ್ಲ ಊರಿನಲ್ಲೂ ಒಂದೇ ಸಾಲಿನಲ್ಲಿ ನಿಂತಿವೆ. ಅವನ್ನು ತೆಗೆಯಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಬಸ್ಸಾರು-ಮುದ್ದೆ ಎಂದು ಹೊರಗೆ ಕಪ್ಪು ಹಲಗೆಯ ಮೇಲೆ ಬರೆದು ಹಾಕಲಿ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ನಗರದ ದೊಡ್ಡ ಹೋಟೆಲುಗಳು ರಾಗಿಯ ತಿಂಡಿಗೆ ದುಬಾರಿ ದರ ಹಾಕಿ ಬಡಿಸುತ್ತಿವೆ. ಆ ರಾಗಿ ಬೆಳೆಯುವ ಹೋಬಳಿಯಲ್ಲಿ ಅದು ಒಳ್ಳೆಯ ಸಾರಿನೊಂದಿಗೆ, ನ್ಯಾಯದ ಬೆಲೆಗೆ ದಿನವೂ ಸಿಗುವಂತಾಗಬೇಕು.

ಹೊಸಕೋಟೆ–ದೇವನಹಳ್ಳಿ ನಡುವೆ ಓಡಾಡುವ ಓದುಗರಲ್ಲಿ ನನ್ನ ಕೋರಿಕೆ ಇದು. ಹೊತ್ತಿದ್ದರೆ ಹೆದ್ದಾರಿ ಇಳಿದು ಊರೊಳಗೆ ಬನ್ನಿ, ಹತ್ತು ನಿಮಿಷ ತಡವಾದೀತು ಅಷ್ಟೆ. ಸೂಲಿಬೆಲೆಯವರು ಮನೆಗೆ ನೆಂಟರು ಬಂದಾಗ, ಮಗುವಿನ ಹುಟ್ಟುಹಬ್ಬಕ್ಕೆ, ಸಂಘದ ಸಭೆಗೆ ಊಟ ಹೇಳುವಾಗ ನಿಮ್ಮ ಊರಿನ ಹೋಟೆಲನ್ನೇ ಮೊದಲು ನೆನೆಯಿರಿ, ಸಾಲ ಬರೆಸಿದ್ದರೆ ತಿಂಗಳೊಳಗೆ ತೀರಿಸಿ. ಊಟ ಚೆನ್ನಾಗಿದ್ದರೆ ಗಲ್ಲಾದಲ್ಲಿ ಕೂತವರಿಗೆ ಹೇಳಿ. ಚೆನ್ನಾಗಿಲ್ಲದಿದ್ದರೂ, ತಟ್ಟೆ ಸರಿಯಾಗಿ ತೊಳೆದಿಲ್ಲದಿದ್ದರೂ, ಫೋನಿನಲ್ಲಿ ಊರೆಲ್ಲ ಹರಡುವ ಮೊದಲು ಅವರಿಗೇ ನೇರವಾಗಿ ಹೇಳಿ, ಸರಿಮಾಡಲು ಒಂದು ವಾರ ಕೊಟ್ಟು ಮತ್ತೆ ಹೋಗಿ ನೋಡಿ.